ಕೋಣೆ ನಮ್ಮದು, ಕೀಲಿಕೈ ಯಾರದ್ದು? ಬ್ರೌಸರ್ ವಿಆರ್‌ನಲ್ಲಿ ಜನ ಸೇರಿಸುವ ರಾಜಕಾರಣ

ವಿಆರ್ ದೃಶ್ಯವೊಂದಕ್ಕೆ ಹತ್ತು ಜನರನ್ನು ಸೇರಿಸಲು ಈಗ ಬೇಕಾಗಿರುವುದು ನಾಲ್ಕಾರು ಸಾಲಿನ ಕೋಡ್. ಆ ಹತ್ತು ಜನರ ನಡುವೆ ಕೂರುವ ಸರ್ವರ್ ಯಾರ ಕೈಲಿದೆ ಅನ್ನೋದನ್ನು ಮಾತ್ರ ಹೆಚ್ಚಿನವರು ಕೇಳುತ್ತಿಲ್ಲ. ಮೆಟಾವರ್ಸ್ ಗದ್ದಲ ತಣ್ಣಗಾಗಿರುವ ಈ ಹೊತ್ತೇ ಅದನ್ನು ಕೇಳಲು ಸರಿಯಾದ ಹೊತ್ತು.

2024ರ ಮೇ 31. ಅಂತರ್ಜಾಲದಲ್ಲಿ ಒಂದು ಊರು ಖಾಲಿಯಾದ ದಿನ ಅದು. ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾ ಸಂಸ್ಥೆ ತನ್ನ ‘ಹಬ್ಸ್’ ಸೇವೆಯ ಸರ್ವರ್‌ಗಳನ್ನು ಅಂದು ಬಂದ್ ಮಾಡಿತು. ಹಬ್ಸ್ ಶುರುವಾಗಿದ್ದು 2018ರ ಏಪ್ರಿಲ್‌ನಲ್ಲಿ. ಅದರ ಐಡಿಯಾ ತುಂಬಾ ಸರಳ: ಯಾರೋ ಒಂದು ಲಿಂಕ್ ಕಳಿಸುತ್ತಾರೆ, ನೀವು ಕ್ಲಿಕ್ ಮಾಡುತ್ತೀರಿ, ಬ್ರೌಸರ್‌ನಲ್ಲೇ ಮೂರು ಆಯಾಮದ ಕೋಣೆಯೊಂದು ತೆರೆದುಕೊಳ್ಳುತ್ತೆ. ಅಲ್ಲಿ ನಿಮಗೊಂದು ಗೊಂಬೆಯ ರೂಪ. ಹತ್ತಿರ ಹೋದರೆ ಪಕ್ಕದವರ ದನಿ ಜೋರಾಗುತ್ತೆ, ದೂರ ಸರಿದರೆ ಕ್ಷೀಣಿಸುತ್ತೆ. ಹೆಡ್‌ಸೆಟ್ ಇದ್ದವರು ತಲೆಗೆ ಹಾಕಿಕೊಂಡು ಬರಬಹುದು, ಇಲ್ಲದವರು ಲ್ಯಾಪ್‌ಟಾಪ್ ಅಥವಾ ಫೋನ್‌ನಿಂದ ಬರಬಹುದು. ಆ್ಯಪ್ ಇಳಿಸಿಕೊಳ್ಳುವ ಹಂಗಿಲ್ಲ. ಅತಿಥಿಯಾಗಿ ಬರೋರಿಗೆ ಖಾತೆಯೂ ಬೇಕಿರಲಿಲ್ಲ.

ಕೋವಿಡ್ ಬಂದಾಗ ಇದರ ಬೆಲೆ ಗೊತ್ತಾಯಿತು. 2020ರ ಮಾರ್ಚ್‌ನಲ್ಲಿ ಅಟ್ಲಾಂಟಾದಲ್ಲಿ ನಡೆಯಬೇಕಿದ್ದ ಐಟ್ರಿಪಲ್‌ಇ ವಿಆರ್ ಸಮ್ಮೇಳನ ಆನ್‌ಲೈನ್‌ಗೆ ಬಂತು, ಅದರ ಒಂದು ಭಾಗ ನಡೆದಿದ್ದು ಹಬ್ಸ್ ಕೋಣೆಗಳಲ್ಲಿ. ಮೇಷ್ಟ್ರುಗಳು ಪಾಠ ಮಾಡಿದರು, ಕಲಾವಿದರು ಪ್ರದರ್ಶನ ಇಟ್ಟರು. ನಾಲ್ಕು ವರ್ಷ ಕಳೆದು 2024ರ ಫೆಬ್ರವರಿಯಲ್ಲಿ ಮೊಜಿಲ್ಲಾ ಸುಮಾರು 60 ಮಂದಿಯನ್ನು ಕೆಲಸದಿಂದ ತೆಗೆಯಿತು, ಹಬ್ಸ್ ನಿಲ್ಲಿಸುವುದಾಗಿಯೂ ಹೇಳಿತು. ಬಳಕೆದಾರರಿಗೆ ತಮ್ಮ ದೃಶ್ಯ, ಮಾದರಿಗಳನ್ನು ಇಳಿಸಿಕೊಳ್ಳಲು ಒಂದು ಉಪಕರಣ ಕೊಟ್ಟಿತು.

ಇಳಿಸಿಕೊಂಡಿದ್ದು ಏನು? ಗೋಡೆ, ಕಂಬ, ಮೇಜು, ಚಿತ್ರ. ಜನ ಸೇರುತ್ತಿದ್ದ ಜಾಗ ಮಾತ್ರ ಯಾವ ಫೈಲಿನಲ್ಲೂ ಇರಲಿಲ್ಲ. ಯಾಕೆಂದರೆ ಆ ಜಾಗ ಇದ್ದದ್ದು ಸರ್ವರ್‌ನಲ್ಲಿ, ಸರ್ವರ್ ಇದ್ದದ್ದು ಸಂಸ್ಥೆಯ ಕೈಯಲ್ಲಿ. ಗಮನಿಸಿ, ಇದು ದುಷ್ಟ ಕಂಪನಿಯ ಕಥೆಯಲ್ಲ. ಮುಕ್ತ ಅಂತರ್ಜಾಲದ ಪರ ದಶಕಗಳಿಂದ ಮಾತಾಡಿಕೊಂಡು ಬಂದ, ಹಬ್ಸ್‌ನ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟ ಸಂಸ್ಥೆಯ ಕಥೆ. ಅಂಥವರ ಅಂಗಳವೇ ಹೀಗೆ ಮುಚ್ಚಿಹೋದರೆ, ಉಳಿದವರ ಕಥೆ ಏನು?

ನಾಲ್ಕು ಸಾಲಿನ ಮ್ಯಾಜಿಕ್

ಮೊದಲು ತಾಂತ್ರಿಕ ಸಂಗತಿಯನ್ನು ಬಿಡಿಸಿ ನೋಡೋಣ. ರಾಜಕಾರಣ ಅಡಗಿರುವುದು ಅಲ್ಲೇ.

ಬ್ರೌಸರ್‌ನಲ್ಲಿ ವಿಆರ್ ತೋರಿಸಲು ‘ವೆಬ್‌ಎಕ್ಸ್‌ಆರ್’ ಅನ್ನೋ ಮಾನದಂಡ ಇದೆ. ಸುಲಭವಾಗಿ ವಿಆರ್ ದೃಶ್ಯ ಕಟ್ಟೋಕೆ 2015ರಲ್ಲಿ ಮೊಜಿಲ್ಲಾದ ವಿಆರ್ ತಂಡವೇ ‘ಎ-ಫ್ರೇಮ್’ ಅನ್ನೋ ಸಾಧನ ತಂತು. ವೆಬ್ ಪುಟ ಬರೆಯೋಕೆ ಎಚ್‌ಟಿಎಂಎಲ್ ಕಲಿತವರು ಅದೇ ಥರದ ಟ್ಯಾಗ್‌ಗಳಲ್ಲಿ ಒಂದು ಪೆಟ್ಟಿಗೆ, ಒಂದು ಆಕಾಶ, ಒಂದು ದೀಪ ಅಂತ ಬರೆದರೆ ಸಾಕು, ದೃಶ್ಯ ಸಿದ್ಧ. ಆದರೆ ಆ ದೃಶ್ಯದಲ್ಲಿ ನೀವೊಬ್ಬರೇ. ನಿಮ್ಮ ಗೆಳತಿ ಅದೇ ಲಿಂಕ್ ತೆರೆದರೆ ಅವಳ ಕಂಪ್ಯೂಟರ್‌ನಲ್ಲಿ ಅದೇ ದೃಶ್ಯದ ಇನ್ನೊಂದು ಪ್ರತಿ ತೆರೆಯುತ್ತೆ ಅಷ್ಟೇ. ಒಂದೇ ಸಿನಿಮಾವನ್ನು ಇಬ್ಬರು ಬೇರೆ ಬೇರೆ ಮನೆಯಲ್ಲಿ ನೋಡಿದ ಹಾಗೆ.

ಇಬ್ಬರೂ ಒಬ್ಬರನ್ನೊಬ್ಬರು ಕಾಣಬೇಕಾದರೆ ‘ನೆಟ್‌ವರ್ಕ್ಡ್ ಎ-ಫ್ರೇಮ್’ ಅನ್ನೋ ಮುಕ್ತ ತಂತ್ರಾಂಶ ಸೇರಿಸಬೇಕು. ದೃಶ್ಯದ ಟ್ಯಾಗಿಗೆ ಒಂದು ಗುಣ ಅಂಟಿಸಿ, ಕೋಣೆಗೆ ಹೆಸರು ಕೊಡಿ, ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳಿ, ಬಂದವರಿಗೆ ಯಾವ ರೂಪ ತೊಡಿಸಬೇಕು ಅನ್ನೋ ಅಚ್ಚು ಕೊಡಿ. ಅಷ್ಟೇ. ಅಲ್ಲಿಂದ ಮುಂದೆ ಪ್ರತಿಯೊಬ್ಬರ ಬ್ರೌಸರ್ ತನ್ನ ಯಜಮಾನರ ತಲೆ ಎಲ್ಲಿದೆ, ಯಾವ ಕಡೆ ತಿರುಗಿದೆ ಅನ್ನೋದನ್ನು ಸೆಕೆಂಡಿಗೆ 15 ಸಲ ಉಳಿದವರಿಗೆ ಕಳಿಸುತ್ತಾ ಇರುತ್ತೆ. ಎರಡು ಕಳಿಸುವಿಕೆಗಳ ನಡುವಿನ ಖಾಲಿ ಜಾಗವನ್ನು ಪಡೆದವರ ಬ್ರೌಸರ್ ಅಂದಾಜಿನಲ್ಲಿ ತುಂಬಿಕೊಳ್ಳುತ್ತೆ. ಹಾಗಾಗಿ ಚಲನೆ ಜರ್ಕ್ ಹೊಡೆಯದೆ ನುಣುಪಾಗಿ ಕಾಣುತ್ತೆ.

ಈ ತಂತ್ರಾಂಶದಲ್ಲಿ ಒಂದು ಕುತೂಹಲದ ನಿಯಮ ಇದೆ. ಹಂಚಿಕೊಂಡ ಪ್ರತಿ ವಸ್ತುವಿಗೂ ಒಬ್ಬ ‘ಒಡೆಯ’ ಇರಲೇಬೇಕು. ಮೇಜಿನ ಮೇಲಿನ ಚೆಂಡನ್ನು ಈಗ ಯಾರು ಅಲುಗಾಡಿಸಬಹುದು ಅನ್ನೋದು ಒಡೆತನದಿಂದ ತೀರ್ಮಾನ ಆಗುತ್ತೆ. ಇಬ್ಬರೂ ಒಟ್ಟಿಗೆ ಎಳೆದರೆ ಚೆಂಡು ಎಲ್ಲಿದೆ ಅಂತ ಯಾರಿಗೂ ಗೊತ್ತಾಗಲ್ಲ, ಅದಕ್ಕೆ ಈ ವ್ಯವಸ್ಥೆ. ಒಡೆಯ ಕೋಣೆ ಬಿಟ್ಟು ಹೋದರೆ? ‘ಇದು ಉಳಿಯಬೇಕು’ ಅಂತ ಮೊದಲೇ ಗುರುತು ಹಾಕಿರದಿದ್ದರೆ ಅವನು ತಂದ ವಸ್ತುವೂ ಅವನ ಜೊತೆ ಮಾಯ.

ಹಬ್ಸ್‌ಗೆ ಆಗಿದ್ದು ಇದೇ. ಒಡೆಯ ಎದ್ದು ಹೋದ. ಉಳಿಯಬೇಕು ಅಂತ ಯಾರೂ ಮೊದಲೇ ಗುರುತು ಹಾಕಿರಲಿಲ್ಲ.

ನಡುವೆ ಕೂತವರು ಯಾರು?

‘ಬ್ರೌಸರ್‌ನಿಂದ ಬ್ರೌಸರ್‌ಗೆ ನೇರವಾಗಿ ಮಾತಾಡಿದರೆ ಆಯ್ತಲ್ಲ, ಸರ್ವರ್ ಯಾಕೆ?’ ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ‘ವೆಬ್‌ಆರ್‌ಟಿಸಿ’ ಅನ್ನೋ ತಂತ್ರಜ್ಞಾನ ಇರೋದೇ ಅದಕ್ಕೆ. ಬ್ರೌಸರ್‌ನಲ್ಲಿ ವಿಡಿಯೋ ಕಾಲ್ ಮಾಡುವಾಗ ಸಾಮಾನ್ಯವಾಗಿ ಕೆಲಸ ಮಾಡೋದು ಅದೇ. ಆದರೆ ನೇರ ಮಾತಿಗೆ ಮೂರು ಅಡ್ಡಿಗಳಿವೆ.

ಮೊದಲನೆಯದು, ಪರಿಚಯದ ಸಮಸ್ಯೆ. ನೇರವಾಗಿ ಮಾತಾಡೋಕೆ ಮೊದಲು ಇಬ್ಬರಿಗೂ ಒಬ್ಬರ ವಿಳಾಸ ಇನ್ನೊಬ್ಬರಿಗೆ ತಲುಪಿಸುವ ಮಧ್ಯವರ್ತಿ ಬೇಕು. ಅದು ಚಿಕ್ಕ ಕೆಲಸ, ಚಿಕ್ಕ ಸರ್ವರ್ ಸಾಕು.

ಎರಡನೆಯದು, ವಿಳಾಸದ ಬಡತನ. ಐಪಿವಿ4 ಪದ್ಧತಿಯಲ್ಲಿ ಇಡೀ ಜಗತ್ತಿಗೆ ಇರುವುದು ಸುಮಾರು 429 ಕೋಟಿ ವಿಳಾಸ. ಹಾಗಾಗಿ ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಹತ್ತಾರು ನೂರಾರು ಗ್ರಾಹಕರಿಗೆ ಹಂಚುತ್ತವೆ. ವಠಾರಕ್ಕೆಲ್ಲ ಒಂದೇ ಡೋರ್ ನಂಬರ್ ಇದ್ದ ಹಾಗೆ. ಹೊರಗಿನಿಂದ ಬಂದ ಕಾಗದ ಯಾವ ಮನೆಗೆ ಅಂತ ಗೊತ್ತಾಗಲ್ಲ. ಇಬ್ಬರೂ ಇಂಥ ವಠಾರದಲ್ಲಿದ್ದರೆ ನೇರ ಸಂಪರ್ಕ ಎಷ್ಟೋ ಸಲ ಕೂಡಿ ಬರಲ್ಲ. ಆಗ ‘ಟರ್ನ್’ ಅನ್ನೋ ಸರ್ವರ್ ಮೂಲಕ ಎಲ್ಲ ಮಾತನ್ನೂ ಹಾಯಿಸಬೇಕು. ಹಾದು ಹೋಗುವ ಪ್ರತಿ ಬೈಟಿಗೂ ದುಡ್ಡು ತೆರೋದು ಆ ಸರ್ವರ್ ನಡೆಸುವವರು. ಮನೆಗೆ ಒಳ್ಳೆಯ ಫೈಬರ್ ಇರೋರಿಗೆ ಈ ಖರ್ಚು ಅಪರೂಪ, ಮೊಬೈಲ್ ಡೇಟಾದ ಮೇಲೆ ಬದುಕುವ ನಮ್ಮಂಥವರ ನಾಡಿನಲ್ಲಿ ಅದು ನಿತ್ಯದ ಖರ್ಚು.

ಮೂರನೆಯದು, ಲೆಕ್ಕ. ಎಲ್ಲರೂ ಎಲ್ಲರಿಗೂ ನೇರ ಸಂಪರ್ಕ ಇಟ್ಟುಕೊಂಡರೆ ಹತ್ತು ಜನರ ಕೋಣೆಗೆ 45 ಕೊಂಡಿ ಬೇಕು. ಮೂವತ್ತು ಜನರ ಒಂದು ತರಗತಿ ಅಂದುಕೊಳ್ಳಿ, 435 ಕೊಂಡಿ. ನಿಮ್ಮ ಫೋನ್ ನಿಮ್ಮ ದನಿಯನ್ನು 29 ಸಲ ಬೇರೆ ಬೇರೆಯಾಗಿ ಮೇಲೆ ಕಳಿಸಬೇಕು. ಫೋನ್ ಕಾದ ಕಬ್ಬಿಣ ಆಗುತ್ತೆ. ಅದಕ್ಕೇ ದೊಡ್ಡ ಕೋಣೆಗಳಿಗೆ ನಡುವೆ ಒಂದು ಹಂಚಿಕೆ ಸರ್ವರ್ ಕೂರಿಸುತ್ತಾರೆ. ನೀವು ಒಂದು ಸಲ ಕಳಿಸಿ, ಅದು ಎಲ್ಲರಿಗೂ ಹಂಚುತ್ತೆ. ಹಬ್ಸ್ ಕೂಡ ಹೀಗೇ ನಡೆಯುತ್ತಿತ್ತು. ಆದರೂ ಒಂದು ಕೋಣೆಗೆ ಸುಮಾರು 25 ಜನ ಅನ್ನೋದೇ ಅದರ ಆರಾಮದ ಮಿತಿ.

ಇಲ್ಲೊಂದು ಸೂಕ್ಷ್ಮ ಇದೆ. ವೆಬ್‌ಆರ್‌ಟಿಸಿ ದನಿ ಯಾವಾಗಲೂ ಗೂಢಲಿಪಿಯಲ್ಲೇ ಹರಿಯುತ್ತೆ ಅಂತ ಹೇಳ್ತಾರೆ. ನಿಜ. ಆದರೆ ಹಂಚಿಕೆ ಸರ್ವರ್ ಬಂದಾಗ ಆ ಬೀಗ ನಿಮ್ಮಿಂದ ಸರ್ವರ್‌ವರೆಗೆ ಒಂದು, ಸರ್ವರ್‌ನಿಂದ ಗೆಳತಿಯವರೆಗೆ ಇನ್ನೊಂದು. ಹೆಚ್ಚುವರಿ ಏರ್ಪಾಡು ಮಾಡದಿದ್ದರೆ ನಡುವಿನ ಸರ್ವರ್‌ಗೆ ನಿಮ್ಮ ಮಾತು ಕೇಳುವ ತಾಂತ್ರಿಕ ಸಾಮರ್ಥ್ಯ ಇದ್ದೇ ಇರುತ್ತೆ. ಕೇಳ್ತಾರೋ ಇಲ್ವೋ ಅನ್ನೋದು ಸರ್ವರ್ ಇಟ್ಟವರ ಮರ್ಯಾದೆಗೆ ಬಿಟ್ಟದ್ದು.

ನೂರು ಸೆಕೆಂಡಿನ ಬೆರಳಚ್ಚು

ಮಾತು ಕೇಳಿಸಿಕೊಳ್ಳೋದು ಹಳೆಯ ಭಯ. ವಿಆರ್‌ನಲ್ಲಿ ಹೊಸದೊಂದು ಸೇರಿಕೊಂಡಿದೆ: ಮೈ.

ತಲೆ, ಎರಡು ಕೈ. ಒಂದೊಂದಕ್ಕೂ ಸ್ಥಾನ ಹೇಳೋಕೆ ಮೂರು ಸಂಖ್ಯೆ, ತಿರುವು ಹೇಳೋಕೆ ಮೂರು ಸಂಖ್ಯೆ. ಒಟ್ಟು 18. ಸೆಕೆಂಡಿಗೆ 15 ಸಲ ಅಂದ್ರೆ 270 ಸಂಖ್ಯೆ. ನೂರು ಸೆಕೆಂಡಿಗೆ 27,000. ಹತ್ತು ಜನರ ಕೋಣೆಯಲ್ಲಿ ಪ್ರತಿಯೊಬ್ಬರ ಲೆಕ್ಕ ಉಳಿದ ಒಂಬತ್ತು ಜನರಿಗೆ ಹೋಗಬೇಕು, ಅಂದ್ರೆ ಪ್ರತಿ ಸೆಕೆಂಡಿಗೆ 24,300 ಸಂಖ್ಯೆಗಳ ವಹಿವಾಟು. ಇದು ಕೋಣೆ ನಡೆಯೋಕೆ ಬೇಕೇ ಬೇಕಾದ ಮಾಹಿತಿ. ‘ಕೊಡಲ್ಲ’ ಅಂದ್ರೆ ನೀವು ಕೋಣೆಯಲ್ಲಿ ಕಲ್ಲಿನ ಹಾಗೆ ನಿಂತಿರಬೇಕು.

ಈ ಸಂಖ್ಯೆಗಳಿಂದ ಏನು ಗೊತ್ತಾಗುತ್ತೆ? 2023ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರ ನೇತೃತ್ವದ ತಂಡ ‘ಬೀಟ್ ಸೇಬರ್’ ಅನ್ನೋ ವಿಆರ್ ಆಟದ 55,541 ಆಟಗಾರರ ಚಲನೆಯ ದಾಖಲೆ ಪರಿಶೀಲಿಸಿತು. ಹೆಸರಿಲ್ಲದ ಚಲನೆಯ ತುಣುಕು ಕೊಟ್ಟು ‘ಇದು ಇಷ್ಟು ಜನರಲ್ಲಿ ಯಾರದ್ದು’ ಅಂತ ಕೇಳಿದಾಗ ಅವರ ವ್ಯವಸ್ಥೆ ಕೇವಲ 100 ಸೆಕೆಂಡಿನ ಚಲನೆಯಿಂದ 94 ಶೇಕಡಾಕ್ಕೂ ಹೆಚ್ಚು ಸಲ ಸರಿಯಾಗಿ ಗುರುತಿಸಿತು. 10 ಸೆಕೆಂಡು ಕೊಟ್ಟಾಗಲೂ 73 ಶೇಕಡಾ. ಅದಕ್ಕೂ ಮೊದಲು, 2020ರಲ್ಲಿ, ಸ್ಟ್ಯಾನ್‌ಫರ್ಡ್‌ನ ಅಧ್ಯಯನವೊಂದು 511 ಜನರಲ್ಲಿ ಒಬ್ಬೊಬ್ಬರನ್ನು ಐದು ನಿಮಿಷಕ್ಕೂ ಕಡಿಮೆ ಚಲನೆಯಿಂದ ಸುಮಾರು 95 ಶೇಕಡಾ ನಿಖರವಾಗಿ ಗುರುತು ಹಿಡಿದಿತ್ತು.

ಆಟದ ದಾಖಲೆಯಲ್ಲಿ ಚಲನೆಯನ್ನು ಇನ್ನೂ ಒತ್ತೊತ್ತಾಗಿ ಅಳೆದಿರುತ್ತಾರೆ, ಆಟದಲ್ಲಿ ಎಲ್ಲರೂ ಒಂದೇ ಥರ ಕೈ ಬೀಸುತ್ತಾರೆ. ಹಾಗಾಗಿ ನಮ್ಮ ಬ್ರೌಸರ್ ಕೋಣೆಗೂ ಅದಕ್ಕೂ ನೇರ ಹೋಲಿಕೆ ಸಲ್ಲದು. ಆದರೂ ದಿಕ್ಕು ಸ್ಪಷ್ಟ. ಹೆಸರು ಬದಲಿಸಬಹುದು, ಗೊಂಬೆ ಬದಲಿಸಬಹುದು, ದನಿಯನ್ನೂ ಮ್ಯೂಟ್ ಮಾಡಬಹುದು. ತಲೆ ಆಡಿಸುವ ರೀತಿ ಬದಲಿಸೋದು ಹೇಗೆ? ಅನಾಮಿಕವಾಗಿ ಸಭೆಗೆ ಬರುವ ಕಾರ್ಯಕರ್ತೆ, ಮನೆಯಲ್ಲಿ ಹೇಳಿಕೊಳ್ಳಲಾಗದ ಗುರುತನ್ನು ಒಂದು ಗಂಟೆ ಧರಿಸಲು ಬರುವ ಹುಡುಗ, ಇವರಿಗೆಲ್ಲ ಈ ಸಂಖ್ಯೆಗಳು ಸಣ್ಣ ವಿಷಯ ಅಲ್ಲ.

ನಮ್ಮ ಕಾನೂನು ಏನನ್ನುತ್ತೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ‘ಸೂಕ್ಷ್ಮ ದತ್ತಾಂಶ’ ಅನ್ನೋ ಪ್ರತ್ಯೇಕ ವರ್ಗವೇ ಇಲ್ಲ. 2019ರ ಮಸೂದೆಯಲ್ಲಿ ಇತ್ತು, ಆಮೇಲೆ ಬಿಟ್ಟರು. ನಿಮ್ಮ ಇಮೇಲ್ ವಿಳಾಸಕ್ಕೂ ನಿಮ್ಮ ಮೈಯ ಚಲನೆಗೂ ಹೆಚ್ಚುಕಡಿಮೆ ಒಂದೇ ತಕ್ಕಡಿ. 18 ವರ್ಷದೊಳಗಿನವರ ಮೇಲೆ ಕಣ್ಣಿಟ್ಟು ನಡವಳಿಕೆ ಅಳೆಯುವುದಕ್ಕೆ ನಿರ್ಬಂಧ ಇದೆ, ಒಳ್ಳೆಯದೇ. ಆದರೆ ಸರ್ಕಾರ ತನ್ನ ಸಂಸ್ಥೆಗಳಿಗೆ ತಾನೇ ವಿನಾಯಿತಿ ಕೊಟ್ಟುಕೊಳ್ಳುವ ಬಾಗಿಲನ್ನೂ ಅದೇ ಕಾಯ್ದೆ ತೆರೆದಿಟ್ಟಿದೆ.

ಅಂಗಳ ಯಾರದ್ದೋ ನಿಯಮ ಅವರದ್ದೇ

ಹಂಚಿಕೊಂಡ ಕಾಲ್ಪನಿಕ ಜಾಗಗಳಲ್ಲಿ ರಾಜಕಾರಣ ಹುಟ್ಟಿದ್ದು ನಿನ್ನೆ ಮೊನ್ನೆ ಅಲ್ಲ. 1990ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ‘ಲ್ಯಾಂಬ್ಡಾಮೂ’ ಅನ್ನೋ ಬರೀ ಅಕ್ಷರಗಳ ಲೋಕ ಹುಟ್ಟಿತು. ಚಿತ್ರವೂ ಇಲ್ಲ, ದನಿಯೂ ಇಲ್ಲ. ಅಲ್ಲೊಬ್ಬ ಬಳಕೆದಾರ ಬೇರೆಯವರ ಪಾತ್ರಗಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಪ್ರಕರಣವನ್ನು ಜೂಲಿಯನ್ ಡಿಬೆಲ್ 1993ರಲ್ಲಿ ವಿಲೇಜ್ ವಾಯ್ಸ್ ಪತ್ರಿಕೆಯಲ್ಲಿ ಬರೆದರು. ಶಿಕ್ಷೆ ಕೊಡುವವರು ಯಾರು ಅನ್ನೋ ಜಗಳ ಎದ್ದಿತು. ಕೊನೆಗೆ ಆ ಲೋಕವನ್ನು ನಡೆಸುತ್ತಿದ್ದ ಪಾವೆಲ್ ಕರ್ಟಿಸ್ ಬಳಕೆದಾರರೇ ಅರ್ಜಿ ಹಾಕಿ ಮತ ಚಲಾಯಿಸುವ ವ್ಯವಸ್ಥೆ ತಂದರು. ಮೂವತ್ತು ವರ್ಷದ ಹಿಂದೆ, ಅಕ್ಷರಗಳ ಲೋಕದಲ್ಲಿ, ಜನ ತಮ್ಮ ನಿಯಮ ತಾವೇ ಬರೆಯೋಕೆ ಹೊರಟಿದ್ದರು.

ಈಗ ನೋಡಿ. ಮೆಟಾ ಕಂಪನಿಯ ಹೊರೈಜನ್ ಲೋಕದಲ್ಲಿ ಹೆಣ್ಣುಮಕ್ಕಳ ಪಾತ್ರಗಳನ್ನು ಮುಟ್ಟುವ, ಸುತ್ತುವರಿಯುವ ದೂರು ಬಂದ ಮೇಲೆ 2022ರ ಫೆಬ್ರವರಿಯಲ್ಲಿ ಕಂಪನಿ ಗೊಂಬೆಗಳ ನಡುವೆ ಸುಮಾರು ನಾಲ್ಕು ಅಡಿ ಅಂತರದ ಅದೃಶ್ಯ ಗಡಿ ತಂತು. ಕ್ರಮ ಸರಿಯಾದದ್ದೇ. ಆದರೆ ಗಡಿ ಬೇಕೇ, ಎಷ್ಟಿರಬೇಕು, ಯಾವಾಗ ತೆಗೆಯಬೇಕು ಅನ್ನೋದರಲ್ಲಿ ಒಳಗಿದ್ದವರಿಗೆ ಮತ ಇಲ್ಲ. ಕಂಪನಿ ಕೊಟ್ಟಿದ್ದನ್ನು ಕಂಪನಿಯೇ ತಿದ್ದಬಹುದು.

2020ರಲ್ಲಿ ಇನ್ನೂ ಸ್ಪಷ್ಟವಾದ ಎರಡು ಉದಾಹರಣೆ ಸಿಕ್ಕವು. ಲಾಕ್‌ಡೌನ್ ಹೊತ್ತಿಗೆ ಹಾಂಗ್‌ಕಾಂಗ್‌ನ ಪ್ರಜಾಪ್ರಭುತ್ವ ಪರ ಹೋರಾಟಗಾರರು ನಿಂಟೆಂಡೊದ ‘ಅನಿಮಲ್ ಕ್ರಾಸಿಂಗ್’ ಆಟದೊಳಗೆ ಫಲಕ ಹಿಡಿದು ಪ್ರತಿಭಟನೆ ಮಾಡಿದರು. ಏಪ್ರಿಲ್‌ನಲ್ಲಿ ಆ ಆಟ ಚೀನಾದ ಆನ್‌ಲೈನ್ ಅಂಗಡಿಗಳಿಂದ ಮಾಯವಾಯಿತು. ನವೆಂಬರ್‌ನಲ್ಲಿ ನಿಂಟೆಂಡೊ, ಸಂಘಸಂಸ್ಥೆಗಳು ಆಟದೊಳಗೆ ರಾಜಕೀಯ ತರಬಾರದು ಅಂತ ಮಾರ್ಗಸೂಚಿ ಹೊರಡಿಸಿತು. ಅದೇ ವರ್ಷ ಮಾರ್ಚ್‌ನಲ್ಲಿ ‘ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್’ ಸಂಸ್ಥೆ ಮೈನ್‌ಕ್ರಾಫ್ಟ್ ಆಟದೊಳಗೆ ಒಂದು ಗ್ರಂಥಾಲಯ ಕಟ್ಟಿಸಿತು. ಹಲವು ದೇಶಗಳಲ್ಲಿ ನಿಷೇಧಕ್ಕೊಳಗಾದ ಪತ್ರಕರ್ತರ ಬರಹ ಅಲ್ಲಿ ಓದಲು ಸಿಗುತ್ತೆ. ಆ ಗ್ರಂಥಾಲಯವನ್ನು ಅಳಿಸೋದು ಕಷ್ಟ. ಕಾರಣ ಇಷ್ಟೇ: ಮೈನ್‌ಕ್ರಾಫ್ಟ್ ಸರ್ವರನ್ನು ಯಾರು ಬೇಕಾದರೂ ತಮ್ಮ ಕಂಪ್ಯೂಟರ್‌ನಲ್ಲಿ ನಡೆಸಬಹುದು, ನಕಾಶೆಯನ್ನು ಇಳಿಸಿಕೊಂಡು ಇನ್ನೊಂದು ಕಡೆ ಎಬ್ಬಿಸಬಹುದು. ಎರಡೂ ಆಟಗಳೇ, ಎರಡೂ ಕಂಪನಿಗಳವೇ. ವ್ಯತ್ಯಾಸ ಸರ್ವರ್ ಇಡುವ ಹಕ್ಕಿನಲ್ಲಿ.

ಬೆಂಗಳೂರಲ್ಲಿ ಪ್ರತಿಭಟನೆ ಅಂದ್ರೆ ‘ಫ್ರೀಡಂ ಪಾರ್ಕ್‌ಗೆ ಹೋಗಿ’ ಅನ್ನೋ ಪೊಲೀಸ್ ಆದೇಶದ ಬಗ್ಗೆ ನಮಗೆ ಸಿಟ್ಟಿದೆ. ಇರಬೇಕು ಕೂಡ. ಆದರೆ ಅಲ್ಲಿ ಜಗಳ ಆಡೋಕೆ ಸಂವಿಧಾನದ 19(1)(ಬಿ) ವಿಧಿ ಕೈಲಿದೆ, ಕೋರ್ಟ್ ಇದೆ, ಬೀದಿ ಇದೆ. ಕಂಪನಿಯ ವಿಆರ್ ಕೋಣೆಯಲ್ಲಿ ನಮ್ಮ ಕೈಲಿರೋದು ಓದದೆ ಒಪ್ಪಿಕೊಂಡ ಷರತ್ತುಗಳ ಪಟ್ಟಿ.

ಫ್ರೀ ಬೇಸಿಕ್ಸ್ ನೆನಪಿದೆಯಾ?

‘ಮೆಟಾವರ್ಸ್ ಸತ್ತು ಹೋಯ್ತಲ್ಲ ಮಾರಾಯ್ರೇ, ಈಗ್ಯಾಕೆ ಈ ಪುರಾಣ?’ ಅನ್ನೋರಿಗೆ ಒಂದು ಮಾತು. 2021ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್ ತನ್ನ ಹೆಸರನ್ನೇ ಮೆಟಾ ಅಂತ ಬದಲಿಸಿಕೊಂಡಾಗ ಇದ್ದ ಗದ್ದಲ ಈಗಿಲ್ಲ, ನಿಜ. ಮೈಕ್ರೋಸಾಫ್ಟ್ ತನ್ನ ‘ಆಲ್ಟ್‌ಸ್ಪೇಸ್‌ವಿಆರ್’ ಅನ್ನು 2023ರ ಮಾರ್ಚ್ 10ಕ್ಕೆ ಮುಚ್ಚಿತು. ಮೆಟಾದ ವಿಆರ್ ವಿಭಾಗ 2022, 2023, 2024ರಲ್ಲಿ ಕ್ರಮವಾಗಿ ಸುಮಾರು 1,370 ಕೋಟಿ, 1,610 ಕೋಟಿ, 1,770 ಕೋಟಿ ಡಾಲರ್ ನಷ್ಟ ತೋರಿಸಿತು. ಮೂರು ವರ್ಷಕ್ಕೆ 4,750 ಕೋಟಿ ಡಾಲರ್. ಇಷ್ಟು ನಷ್ಟ ತಿಂದೂ ಕಂಪನಿಯೊಂದು ವರ್ಷಗಟ್ಟಲೆ ಕೂರುತ್ತೆ ಅಂದ್ರೆ ಅದು ಧರ್ಮಛತ್ರ ಕಟ್ಟುತ್ತಿಲ್ಲ. ಮುಂದೊಂದು ದಿನ ಆ ದಾರಿಯಲ್ಲಿ ಓಡಾಡುವ ಎಲ್ಲರಿಂದ ಸುಂಕ ಎತ್ತುವ ಗೇಟು ಕಟ್ಟುತ್ತಿದೆ. 2022ರಲ್ಲೇ ಅದರ ರುಚಿ ತೋರಿಸಿತು: ಹೊರೈಜನ್‌ನಲ್ಲಿ ವಸ್ತು ಮಾಡಿ ಮಾರುವವರಿಂದ ಅಂಗಡಿಯ ಪಾಲು, ಲೋಕದ ಪಾಲು ಸೇರಿ 47.5 ಶೇಕಡಾದವರೆಗೆ ಕಡಿತ.

ಇದೇ ಕಂಪನಿ ಹತ್ತು ವರ್ಷದ ಹಿಂದೆ ‘ಫ್ರೀ ಬೇಸಿಕ್ಸ್’ ತಂದು ಬಡವರಿಗೆ ಉಚಿತ ಇಂಟರ್ನೆಟ್ ಅಂದಿತ್ತು. ತಾನು ಒಪ್ಪಿದ ಕೆಲವೇ ತಾಣಗಳು ಮಾತ್ರ ಸಿಗುವ ಇಂಟರ್ನೆಟ್ ಅದು. ಲಕ್ಷಾಂತರ ಜನ ಇಮೇಲ್ ಬರೆದರು, ವಾದಿಸಿದರು. 2016ರ ಫೆಬ್ರವರಿ 8ರಂದು ಟ್ರಾಯ್ ತಾರತಮ್ಯದ ಡೇಟಾ ದರಗಳನ್ನು ನಿಷೇಧಿಸಿತು. ಆ ಹೋರಾಟ ಗೆದ್ದಿದ್ದು ಫ್ರೀ ಬೇಸಿಕ್ಸ್ ಊರೆಲ್ಲ ಹಬ್ಬುವುದಕ್ಕೆ ಮೊದಲೇ ಎದ್ದು ನಿಂತದ್ದರಿಂದ. ಎಲ್ಲರೂ ಒಳಗೆ ಸೇರಿದ ಮೇಲೆ ಬೇಲಿ ಕೀಳೋದು ಎಷ್ಟು ಕಷ್ಟ ಅಂತ ವಾಟ್ಸ್ಆ್ಯಪ್ ಬಿಡೋಕೆ ಹೊರಟವರನ್ನು ಕೇಳಿ.

ವಿಆರ್‌ನಲ್ಲಿ ಬೇಲಿ ಇಲ್ಲದ ದಾರಿ ಅಂದ್ರೆ ಸದ್ಯಕ್ಕೆ ಬ್ರೌಸರ್. ಆ ದಾರಿಯಲ್ಲೂ ಗುಂಡಿಗಳಿವೆ. ಆ್ಯಪಲ್ ತನ್ನ ದುಬಾರಿ ವಿಷನ್ ಪ್ರೊ ಹೆಡ್‌ಸೆಟ್‌ಗೆ 2024ರಲ್ಲಿ ವೆಬ್‌ಎಕ್ಸ್‌ಆರ್ ಕೊಟ್ಟಿತು, ಐಫೋನ್‌ನ ಸಫಾರಿಗೆ ಕೊಡಲಿಲ್ಲ. ನಮ್ಮಲ್ಲಿ ಐಫೋನ್‌ಗೆ ಯಾವ ಬ್ರೌಸರ್ ಹಾಕಿದರೂ ಒಳಗಿರುವುದು ಆ್ಯಪಲ್‌ನದ್ದೇ ಎಂಜಿನ್, ಆದ್ದರಿಂದ ಬ್ರೌಸರ್ ಬದಲಿಸಿ ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಆಂಡ್ರಾಯ್ಡ್‌ನ ಕ್ರೋಮ್‌ನಲ್ಲಿ ಇದು ನಡೆಯುತ್ತೆ. ಹೆಡ್‌ಸೆಟ್ ಇಲ್ಲದೆ ಫೋನ್ ಪರದೆಯಲ್ಲೇ ಅದೇ ಕೋಣೆಗೆ ಹೊಕ್ಕು ಮಾತಾಡೋಕೂ ಆಗುತ್ತೆ. ಅಂದ್ರೆ ಇದು ಶ್ರೀಮಂತರ ಆಟಿಕೆ ಆಗೇ ಉಳಿಯಬೇಕು ಅಂತೇನೂ ಇಲ್ಲ.

ನಮ್ಮ ಸರ್ಕಾರಕ್ಕೆ ಮೂರು ಪ್ರಶ್ನೆ

ಇದಕ್ಕೂ ಕರ್ನಾಟಕಕ್ಕೂ ಏನು ಸಂಬಂಧ? ಇದೆ. ಅನಿಮೇಶನ್, ಗೇಮಿಂಗ್ ಉದ್ಯಮಕ್ಕೆಂದೇ 2012ರಲ್ಲಿ ದೇಶದಲ್ಲಿ ಮೊದಲು ನೀತಿ ತಂದ ರಾಜ್ಯ ನಮ್ಮದು. 2024-29ರ ಹೊಸ ನೀತಿಯ ಹೆಸರಿಗೆ ಎಕ್ಸ್‌ಆರ್ ಕೂಡ ಸೇರಿಕೊಂಡಿದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ‘ಡಿಜಿಟಲ್ ಹಂಪಿ’ ಯೋಜನೆಗೆ ಹಣ ಕೊಟ್ಟು ಹಂಪಿಯ ಶಿಲ್ಪ, ಕಟ್ಟಡ, ಚಿತ್ರಗಳನ್ನು ಮೂರು ಆಯಾಮದಲ್ಲಿ ದಾಖಲಿಸುವ ಸಂಶೋಧನೆ ಮಾಡಿಸಿದೆ. ಸಾರ್ವಜನಿಕರ ದುಡ್ಡಿನಲ್ಲಿ ಇಂಥ ದೃಶ್ಯಗಳು ಇನ್ನೂ ಬರುತ್ತವೆ, ಶಾಲೆಗಳಿಗೂ ಹೋಗುತ್ತವೆ. ಒಬ್ಬ ಹುಡುಗಿ ಒಂಟಿಯಾಗಿ ವಿಠಲ ದೇವಾಲಯದ ಕಲ್ಲಿನ ರಥ ನೋಡುವುದು ಒಂದು. ರಾಯಚೂರಿನ ಹತ್ತು ಮಕ್ಕಳು, ಮಂಗಳೂರಿನ ಹತ್ತು ಮಕ್ಕಳು, ಜೊತೆಗೊಬ್ಬ ಹಂಪಿಯ ಗೈಡ್ ಒಟ್ಟಿಗೆ ನಿಂತು ‘ಈ ಚಕ್ರ ಸಾರ್ ಯಾಕೆ ಹೀಗಿದೆ?’ ಅಂತ ಕೇಳುವುದು ಇನ್ನೊಂದು. ಎರಡನೆಯದಕ್ಕೆ ನಾವು ಹೇಳುತ್ತಿರುವ ಸರ್ವರ್ ಬೇಕು.

ಹಾಗಾಗಿ ಕೇಳಬೇಕಾದದ್ದು ಮೂರು. ಒಂದು, ಸಾರ್ವಜನಿಕ ಹಣದಲ್ಲಿ ಕಟ್ಟಿದ ದೃಶ್ಯ ಬ್ರೌಸರ್‌ನಲ್ಲಿ ತೆರೆಯುತ್ತದೆಯೇ, ಇಲ್ಲಾ ಒಂದು ಕಂಪನಿಯ ಹೆಡ್‌ಸೆಟ್, ಒಂದು ಕಂಪನಿಯ ಅಂಗಡಿ ಬೇಕೇ? ಎರಡು, ಜನ ಸೇರುವ ಸರ್ವರ್ ಯಾರ ಕೈಲಿದೆ, ಗುತ್ತಿಗೆ ಮುಗಿದ ಮೇಲೆ ಕೋಣೆ ಉಳಿಯುತ್ತದೆಯೇ? ಮೂರು, ಮಕ್ಕಳ ತಲೆ-ಕೈ ಚಲನೆಯ ಸಂಖ್ಯೆಗಳನ್ನು ಹಂಚಿದ ಮರುಕ್ಷಣ ಮರೆಯುತ್ತಾರೆಯೇ, ಇಲ್ಲಾ ಎಲ್ಲೋ ಕೂಡಿಡುತ್ತಾರೆಯೇ? ಈ ಸಂಖ್ಯೆಗಳನ್ನು ಸಂಗ್ರಹಿಸಿಡಲೇಬೇಕಾದ ತಾಂತ್ರಿಕ ಅಗತ್ಯ ಇಲ್ಲ. ಹಂಚಿ ಬಿಟ್ಟುಬಿಟ್ಟರೂ ಕೋಣೆ ಚೆನ್ನಾಗೇ ನಡೆಯುತ್ತೆ. ಈ ಮೂರು ಷರತ್ತನ್ನು ಟೆಂಡರ್‌ನಲ್ಲಿ ಬರೆಯೋಕೆ ಹೊಸ ಕಾಯ್ದೆಯೇನೂ ಬೇಡ.

ಸುಲಭ ಅಂತ ಯಾರೂ ಹೇಳಿಲ್ಲ

ನಮ್ಮದೇ ಸರ್ವರ್ ಅಂದ ಕೂಡಲೇ ಎಲ್ಲ ಸರಿಹೋಗಲ್ಲ. ಹಬ್ಸ್‌ನ ಕೋಡ್ ಮುಕ್ತವಾಗಿತ್ತು, ಆದರೂ ಅದನ್ನು ಸ್ವಂತವಾಗಿ ಎಬ್ಬಿಸಿ ನಡೆಸೋದು ಸಾಮಾನ್ಯ ಮೇಷ್ಟ್ರ ಕೈಲಾಗುವ ಕೆಲಸ ಆಗಿರಲಿಲ್ಲ. ಮೊಜಿಲ್ಲಾ ಹೊರಟ ಮೇಲೆ ಬಳಕೆದಾರರೇ ‘ಹಬ್ಸ್ ಫೌಂಡೇಶನ್’ ಕಟ್ಟಿಕೊಂಡು ಕೋಡನ್ನು ಉಳಿಸಿಕೊಂಡಿದ್ದಾರೆ. ಅದು ದೊಡ್ಡ ಕೆಲಸ, ಜೊತೆಗೆ ದಣಿಸುವ ಕೆಲಸ. ಸ್ವಯಂಸೇವಕರ ಉಸಿರಿನ ಮೇಲೆ ನಿಂತ ಅಂಗಳ ಎಷ್ಟು ದಿನ ನಿಲ್ಲುತ್ತೆ ಅನ್ನೋ ಪ್ರಶ್ನೆ ಇದ್ದೇ ಇದೆ.

ಇನ್ನೊಂದು ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಯಾರು ಬೇಕಾದರೂ ಸರ್ವರ್ ಇಡಬಹುದು ಅಂದ್ರೆ ದ್ವೇಷದ ಅಂಗಡಿ ಇಡೋರೂ ಇಡುತ್ತಾರೆ. ನೆಟ್‌ವರ್ಕ್ಡ್ ಎ-ಫ್ರೇಮ್‌ನಂಥ ಸಾಧನದಲ್ಲಿ ಪ್ರತಿ ಬ್ರೌಸರ್ ಹೇಳಿದ್ದನ್ನು ಉಳಿದವು ನಂಬಿಬಿಡುತ್ತವೆ. ಕಿಡಿಗೇಡಿಯನ್ನು ಹೊರಗೆ ಹಾಕೋಕೆ, ನಾಲ್ಕು ಅಡಿಯ ಗಡಿ ಹಾಕೋಕೆ ನೀವೇ ಏರ್ಪಾಡು ಮಾಡಬೇಕು. ಇದಕ್ಕೆ ನನ್ನ ಉತ್ತರ: ನಿಯಮ ಬೇಕೇ ಬೇಕು, ಆದರೆ ಅದನ್ನು ಬರೆಯುವ ಪೆನ್ನು ಒಳಗಿರುವವರ ಕೈಯಲ್ಲಿರಬೇಕು. ಗ್ರಂಥಾಲಯಕ್ಕೆ ಒಬ್ಬ ಗ್ರಂಥಪಾಲಕ ಬೇಕು, ಸಂಬಳವೂ ಬೇಕು. ಹಾಗೇ ಸಾರ್ವಜನಿಕ ವಿಆರ್ ಕೋಣೆಗೂ ಒಬ್ಬ ಮೇಲ್ವಿಚಾರಕ, ಒಂದು ಬಜೆಟ್ ಸಾಲು ಬೇಕು. ವಿಶ್ವವಿದ್ಯಾಲಯಗಳು, ಸಾರ್ವಜನಿಕ ಗ್ರಂಥಾಲಯಗಳು ಇದಕ್ಕೆ ಸಹಜವಾದ ಜಾಗ.

ಹಳ್ಳಿಯ ಅರಳಿಕಟ್ಟೆಯನ್ನು ನೆನಪಿಸಿಕೊಳ್ಳಿ ಅಂತ ಹೇಳೋದು ಸುಲಭ. ಆದರೆ ಕಟ್ಟೆಯ ಮೇಲೆ ಎಲ್ಲರಿಗೂ ಜಾಗ ಇರಲಿಲ್ಲ, ಯಾರು ಕೂರಬೇಕು, ಯಾರು ಕೆಳಗೆ ನಿಲ್ಲಬೇಕು ಅನ್ನೋದನ್ನು ಜಾತಿ ತೀರ್ಮಾನಿಸುತ್ತಿತ್ತು. ಸಾಮೂಹಿಕ ಅಂದ ಮಾತ್ರಕ್ಕೆ ಸಮಾನ ಆಗಲ್ಲ. ಹೊಸ ಕಟ್ಟೆ ಕಟ್ಟುವ ಅವಕಾಶ ಅಪರೂಪಕ್ಕೆ ಸಿಗುತ್ತೆ. ಕಟ್ಟುವಾಗಲೇ ಒಡೆತನ, ನಿಯಮ, ನೆನಪು ಈ ಮೂರನ್ನೂ ಇತ್ಯರ್ಥ ಮಾಡಿಕೊಳ್ಳಬೇಕು.

ಕೋಡ್ ಬರೆಯೋರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಹತ್ತು ಜನರ ಒಂದು ಕೋಣೆ ನಡೆಸೋಕೆ ತಿಂಗಳಿಗೆ 500 ರೂಪಾಯಿ ಆಸುಪಾಸಿನ ಬಾಡಿಗೆ ಸರ್ವರ್ ಸಾಕು, ಒಂದು ವಾರಾಂತ್ಯದ ಕೆಲಸ ಸಾಕು. ಒಂದು ಓದು ಬಳಗ, ಒಂದು ಯೂನಿಯನ್ ಸಭೆ, ಒಂದು ಕನ್ನಡ ತರಗತಿ ಅಲ್ಲಿ ನಡೆಸಿ ನೋಡಿ. ಏನು ಮುರಿಯುತ್ತೆ, ಯಾರು ಹೊರಗುಳಿಯುತ್ತಾರೆ ಅನ್ನೋದು ಆಗ ಗೊತ್ತಾಗುತ್ತೆ. ಕೋಡ್ ಗೊತ್ತಿಲ್ಲದವರು ಆ ಮೂರು ಪ್ರಶ್ನೆಗಳನ್ನು ಇಟ್ಟುಕೊಳ್ಳಿ. ಶಾಲೆಯೋ ಇಲಾಖೆಯೋ ‘ವಿಆರ್ ತರಗತಿ’ ಉದ್ಘಾಟನೆಗೆ ಟೇಪು ಕತ್ತರಿಸುವ ದಿನ ಕೈ ಎತ್ತಿ ಕೇಳಿ: ಒಡೆಯ ಎದ್ದು ಹೋದ ಮೇಲೂ ಈ ಕೋಣೆ ಉಳಿಯುತ್ತಾ?